ಮಗಳಿಗೆ ಯಾವಾಗ ಹೇಳೋದು ಮೇಡಂ?

ಇತ್ತೀಚೆಗೆ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಇದೇ ಪ್ರಶ್ನೆ ಇಟ್ಟುಕೊಂಡು ಬಂದ ಮೂರನೇ ಮನೆ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಗಂಡ ಅಮೆರಿಕದಲ್ಲಿ ಎಚ್‌-1ಬಿ (ಕೆಲಸದ ವೀಸಾ) ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮಗಳಿಗೆ 16. ಮೂರು ವರ್ಷದವಳಿದ್ದಾಗ ಹೋದವಳು, ಎಚ್‌-4 (ಅಪ್ಪನ ವೀಸಾದ ಜೊತೆ ಸಿಗುವ ವೀಸಾ, ಅದರ ಮೇಲೆ ಮಕ್ಕಳು ಕೆಲಸಕ್ಕೆ ಸೇರುವ ಹಾಗಿಲ್ಲ). ತಮ್ಮ ಅಲ್ಲೇ ಹುಟ್ಟಿದವನು, ಹಾಗಾಗಿ ಅವನು ಅಲ್ಲಿನ ಪ್ರಜೆ. ಇವರ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತ ದಿನಾಂಕ, 2015ರದ್ದು, ಇಬಿ-2 (ಹೆಚ್ಚು ಓದಿದವರ ಉದ್ಯೋಗ ವರ್ಗ). ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲೇ ಹೆಂಡತಿ ಮಕ್ಕಳ ಲೆಕ್ಕವೂ ಸೇರಿರುತ್ತದೆ, ಮೇಲೆ ಒಂದು ದೇಶಕ್ಕೆ 7% ಮಿತಿ. ಭಾರತದವರ ಸಾಲು ಯಾಕೆ ಕರಗುವುದಿಲ್ಲ ಅಂತ ಗೊತ್ತಾಯಿತಲ್ವಾ.

ಗಂಡ ಬಂದದ್ದು ನಿದ್ದೆ ಬರಲ್ಲ ಅಂತ. ಯಾವ ದಿನಾಂಕದವರ ಸರದಿ ಬಂತು ಅಂತ ತಿಂಗಳಿಗೊಮ್ಮೆ ಹೇಳುವ ವೀಸಾ ಬುಲೆಟಿನ್ ಅನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ಮೊದಲ ಭೇಟಿಯಲ್ಲಿ ನಾನು "ನೋಡೋದು ಬಿಡಿ" ಅಂದೆ. ದಡ್ಡ ಸಲಹೆ, ಒಪ್ಪಿಕೊಳ್ಳುತ್ತೇನೆ. ಮೂರನೇ ಭೇಟಿಯಲ್ಲಿ ನಿಜವಾದ ವಿಷಯ ಹೊರಗೆ ಬಂತು. ಮಗಳಿಗೆ 21 ಆಗುವ ಹೊತ್ತಿಗೆ ಡೇಟ್ ಕರೆಂಟ್ ಆಗದಿದ್ದರೆ, ಅಂದರೆ ಸರದಿ ಬರದಿದ್ದರೆ, ಅವಳು ಅಪ್ಪನ ಅರ್ಜಿಯಿಂದ ಹೊರಗೆ ಬೀಳುತ್ತಾಳೆ. ವಯಸ್ಸಿನಲ್ಲಿ ಒಂದಿಷ್ಟು ದಿನ ಕಳೆಯುವ ಕಾನೂನು ಇದೆ, ಆದರೆ ಕಳೆಯುವುದು ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ) ಎಷ್ಟು ದಿನ ಬಾಕಿ ಇತ್ತೋ ಅಷ್ಟನ್ನು ಮಾತ್ರ. ಇವರು ದುಡ್ಡು ಕಟ್ಟಿ ಪ್ರೀಮಿಯಂನಲ್ಲಿ ಎರಡೇ ವಾರಕ್ಕೆ ಮುಗಿಸಿಕೊಂಡಿದ್ದರು. "ಅವಸರ ಮಾಡಿ ನಾನೇ ಅವಳ ದಿನ ತಿಂದೆ ಮೇಡಂ" ಅಂದರು. ಅವತ್ತು ಅದು ಯಾರಿಗೆ ಗೊತ್ತಿತ್ತು?

ಮಗಳಿಗೆ ಇದ್ಯಾವುದೂ ಹೇಳಿರಲಿಲ್ಲ. ಹೇಳಿ ಅಂದೆ. ಗಂಡನಿಗೆ ಸಿಟ್ಟು ಬಂತು, ಪರೀಕ್ಷೆ ಮುಗಿಯಲಿ, ಕಾಲೇಜು ಸಿಗಲಿ, ಸುಮ್ನೆ ಯಾಕೆ ಮಗೂನ ಹೆದರಿಸೋದು ಅಂತ. ಎರಡು ವಾರ ವಿಡಿಯೊಗೆ ಬರಲೇ ಇಲ್ಲ. ಆಮೇಲೆ ಒಂದು ದಿನ ಮೂವರೂ ಕೂತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡುವಷ್ಟರಲ್ಲಿ ಹುಡುಗಿ ತನ್ನ ಅರ್ಧ ಕನ್ನಡದಲ್ಲೇ ಹೇಳಿದಳು: "ನಂಗೊತ್ತು ಅಪ್ಪ. ಹೋದ ವರ್ಷಾನೇ ಗೊತ್ತು. ಐಸ್‌ಕ್ರೀಮ್ ಅಂಗಡೀಲಿ ಫ್ರೆಂಡ್ಸ್ ಎಲ್ಲಾ ಕೆಲಸಕ್ಕೆ ಸೇರಿದ್ರು, ಅಮ್ಮ ನನ್ನ ಬಿಡಲಿಲ್ಲ, ಓದ್ಕೋ ಅಂದ್ಲು. ನಾನೇ ಹುಡುಕಿ ಓದಿದೆ. ನನ್ನ ಎಲ್ಲಿಗೆ ಕಳ್ಸೋದು ಅಂತ ನೀವಿಬ್ರೂ ರಾತ್ರಿ ಅಡುಗೆಮನೇಲಿ ಮಾತಾಡ್ತೀರಲ್ಲ, ನನ್ನೂ ಕರೀರಿ."

ಅಮ್ಮ ಅಳಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಅಪ್ಪ ಕೇಳಿದ್ದು ಒಂದೇ: "ಒಂದು ವರ್ಷ ಒಬ್ಬಳೇ ಇಟ್ಕೊಂಡಿದ್ಯಾ?"

ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ಸಲ ವಲಸೆ ವಕೀಲರ ಹತ್ತಿರ ಹೋಗುವಾಗ ಅವಳೂ ಹೋಗಲಿ, ಪ್ರಶ್ನೆ ಅವಳೇ ಕೇಳಲಿ. ಎಫ್‌-1 (ವಿದ್ಯಾರ್ಥಿ ವೀಸಾ) ಗೆ ಬದಲಾಯಿಸಿದರೆ ಏನು, ಬೇರೆ ದೇಶದಲ್ಲಿ ಓದಿದರೆ ಏನು, ಇಲ್ಲಿಗೆ ಬಂದರೆ ಏನು, ಮೂರನ್ನೂ ಅವಳೆದುರೇ ಮಾತಾಡಿ. (ಎಫ್‌-1 ಬೇಕಂದರೆ ಓದು ಮುಗಿಸಿ ವಾಪಸ್ ಹೋಗುತ್ತೇನೆ ಅನ್ನಬೇಕು. ಮೂರು ವರ್ಷಕ್ಕೆ ಬಿಟ್ಟುಬಂದ ಊರಿಗೆ "ವಾಪಸ್"!) ಬುಲೆಟಿನ್ ತಿಂಗಳಿಗೆ ಒಂದು ಸಲ, ಊಟದ ಮೇಜಿನ ಮೇಲೆ, ಎಲ್ಲರೂ ಒಟ್ಟಿಗೆ.

ಅಷ್ಟು ಕಷ್ಟ ಇದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಬಂದುಬಿಡಿ ಅಂತ ಯಾಕೆ ಹೇಳಲಿಲ್ಲ ಅಂತ ಕೆಲವರು ಕೇಳುತ್ತಾರೆ. ಅದನ್ನು ಹೇಳೋಕೆ ಅವರಿಗೆ ನೆಂಟರಿದ್ದಾರೆ, ನಾನು ಯಾಕೆ? ಮತ್ತೆ, ಹದಿನಾರಕ್ಕೆ ಹೇಳಿದ್ದು ಬೇಗ ಆಯಿತು ಅನ್ನುವವರಿಗೆ: ಐದು ವರ್ಷ ಕೈಯಲ್ಲಿರುವಾಗ ಗೊತ್ತಾದರೆ ದಾರಿ ಹುಡುಕಬಹುದು. ಇಪ್ಪತ್ತೂವರೆಗೆ ಗೊತ್ತಾದ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ. ಅವನಿಗೆ ಸಿಟ್ಟಿದ್ದದ್ದು ಸರ್ಕಾರದ ಮೇಲಲ್ಲ, ಅಪ್ಪನ ಮೇಲೆ.

ಈ ಮನೆಯ ಡೇಟ್ ಇನ್ನೂ ಬಂದಿಲ್ಲ. ಅಪ್ಪ ಈಗಲೂ ಬಾತ್‌ರೂಮಿನಲ್ಲಿ ಕೂತು ಕದ್ದು ಬುಲೆಟಿನ್ ನೋಡುತ್ತಾರಂತೆ. ಹೇಳಿದ್ದು ಮಗಳು, ನಗುತ್ತಾ.