ಕಪ್‌ನಲ್ಲಿನ ಟೀ ಬೇರೆ, ಕ್ಯಾಪ್ಸೂಲ್ ಬೇರೆ

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಹಿಮೋಗ್ಲೋಬಿನ್ 9.6 ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಬೆಳಗಿನ ಟೀ ಜೊತೆಗೇ ನುಂಗುತ್ತೇನೆ. ತೂಕ ಇಳಿಯಲಿ ಅಂತ ಈಗ ಗ್ರೀನ್ ಟೀ ಸಾರದ ಕ್ಯಾಪ್ಸೂಲನ್ನೂ ಶುರು ಮಾಡಿದ್ದೇನೆ, ದಿನಾ ಖಾಲಿ ಹೊಟ್ಟೆಗೆ ಎರಡು. ಒಂದರಲ್ಲಿ ಇಜಿಸಿಜಿ 400 ಮಿ.ಗ್ರಾಂ ಅಂತ ಡಬ್ಬಿಯ ಮೇಲಿದೆ. ಗಿಡದಿಂದ ಬಂದದ್ದು, ಕ್ಯಾನ್ಸರನ್ನೂ ತಡೆಯುತ್ತದೆ ಅಂತಾರೆ. ನಿಜವೇ? ಹಾಲು ಹಾಕಿದರೆ ಟೀಯ ಗುಣ ಹೋಗುತ್ತದೆಯೇ?

ಉತ್ತರ: ಡಬ್ಬಿ ನೋಡಿ ಅಂಕಿ ಬರೆದಿದ್ದೀರಲ್ಲ, ತುಂಬಾ ಉಪಕಾರವಾಯಿತು. ಎಷ್ಟೋ ಜನ ‘ಯಾವುದೋ ಹಸಿರು ಮಾತ್ರೆ’ ಅಂದು ಸುಮ್ಮನಾಗುತ್ತಾರೆ.

ಇಜಿಸಿಜಿ ಅಂದರೆ ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್ ಅನ್ನುವ ವಸ್ತುಗಳಲ್ಲಿ ಮುಖ್ಯವಾದದ್ದು. ಎರಡು ಕ್ಯಾಪ್ಸೂಲ್ ಅಂದರೆ 800 ಮಿ.ಗ್ರಾಂ ಆಯಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದ್ದು ಇದೇ ಪ್ರಮಾಣದ ಬಗ್ಗೆ. ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿಯನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ರಕ್ತದಲ್ಲಿ ಲಿವರ್ ಕಿಣ್ವಗಳು ಏರಿದ್ದು ಕಂಡಿತ್ತು, ಅಂದರೆ ಲಿವರ್‌ಗೆ ಪೆಟ್ಟಾಗುತ್ತಿರಬಹುದು ಅಂತ. ಅದರ ಮೇಲೆ ನೀವು ಖಾಲಿ ಹೊಟ್ಟೆಗೆ ನುಂಗುತ್ತಿದ್ದೀರಿ. ಆಗ ಇಜಿಸಿಜಿ ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ. ಲಿವರ್ ಪರೀಕ್ಷೆ ಒಂದು ಮಾಡಿಸಿಬಿಡಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಂತ ಟೀಗೆ ಹೆದರಬೇಕಿಲ್ಲ. ದಿನಾ ಗ್ರೀನ್ ಟೀ ಕುಡಿಯುವವರ ಹೊಟ್ಟೆಗೆ ಹೋಗುವ ಇಜಿಸಿಜಿ ಸಾಮಾನ್ಯವಾಗಿ 90ರಿಂದ 300 ಮಿ.ಗ್ರಾಂ, ಅದೂ ಗುಟುಕು ಗುಟುಕಾಗಿ. ನಿಮ್ಮ ಕ್ಯಾಪ್ಸೂಲ್ ಅದಕ್ಕಿಂತ ಎಷ್ಟೋ ಜಾಸ್ತಿಯನ್ನು ಒಂದೇ ಸಲಕ್ಕೆ ಇಳಿಸುತ್ತದೆ. ಗಿಡದ್ದು ಅನ್ನುವುದು ಲಿವರ್‌ಗೆ ಗೊತ್ತಾಗುವುದಿಲ್ಲ ನೋಡಿ.

ತೂಕದ ಮಾತು: ಗ್ರೀನ್ ಟೀಯಿಂದ ತೂಕ ಇಳಿಯುತ್ತದೆಯೇ ಅಂತ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಯಲ್ಲಿ ಸಿಕ್ಕ ಇಳಿಕೆ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಕ್ಯಾನ್ಸರ್ ವಿಚಾರದಲ್ಲಿ ಪ್ರಯೋಗಾಲಯದ ಜೀವಕೋಶಗಳ ಮೇಲೆ ಕ್ಯಾಟೆಚಿನ್‌ಗಳು ಕೆಲಸ ಮಾಡಿದ್ದು ನಿಜ. ಮನುಷ್ಯರಲ್ಲಿ ಅಂಥ ಗಟ್ಟಿ ಪುರಾವೆ ಇಲ್ಲ. ಕ್ಯಾಟೆಚಿನ್‌ಗಳು ನಿಜವಾಗಿ ಔಷಧಿಯಾಗಿರುವುದು ಒಂದು ಮುಲಾಮಿನಲ್ಲಿ, ಜನನಾಂಗದ ನರಹುಲಿಗೆ. ಅಮೆರಿಕದಲ್ಲಿ 2006ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಡಬ್ಬಿ ಮಾರುವವರು ಇದನ್ನು ಹೇಳುವುದೇ ಇಲ್ಲ, ಅಲ್ವಾ?

ಹಾಲು ಧಾರಾಳವಾಗಿ ಹಾಕಿಕೊಳ್ಳಿ. ಹಾಲಿನ ಪ್ರೋಟೀನ್ ಸ್ವಲ್ಪ ಕ್ಯಾಟೆಚಿನನ್ನು ಹಿಡಿದುಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರ ಮಾಹಿತಿ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಎರಡು ಕಪ್ ಅಥವಾ ಜಾಸ್ತಿ ಟೀ ಕುಡಿಯುವವರಲ್ಲಿ ಸಾವಿನ ಪ್ರಮಾಣ ತುಸು ಕಡಿಮೆ ಇತ್ತು. ಹಾಲು ಹಾಕಿದವರು, ಹಾಕದವರು ಅಂತ ಭೇದ ಕಾಣಲಿಲ್ಲ. ಆಯುಸ್ಸು ಟೀಯಿಂದಲೇ ಬಂತು ಅಂತ ಅದರಿಂದ ಹೇಳಲಾಗದು. ಕುದಿಕುದಿ ಮಾತ್ರ ಕುಡಿಯಬೇಡಿ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ.

ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಕಾಡಿದ್ದು ಕಬ್ಬಿಣದ ಮಾತ್ರೆ. ಫೆರಸ್ ಸಲ್ಫೇಟ್ ಮಾತ್ರೆಯ ಒಂದು ಚೂರನ್ನು ಪುಡಿ ಮಾಡಿ ಹಾಲಿಲ್ಲದ ಟೀಗೆ ಹಾಕಿ ನೋಡಿ, ಕುಡಿಯಬೇಡಿ ಮತ್ತೆ! ಕೆಂಪು ಟೀ ಮಸಿಯ ಹಾಗೆ ಕಪ್ಪಾಗುತ್ತದೆ. ಟೀಗೆ ಒಗರು ಕೊಡುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುವ ಬಣ್ಣ ಅದು. ಹೊಟ್ಟೆಯಲ್ಲೂ ಹೀಗೆ ಕಟ್ಟಿಹಾಕುತ್ತವೆ, ಆಮೇಲೆ ಕಬ್ಬಿಣ ರಕ್ತಕ್ಕೆ ಸೇರುವುದು ಕಷ್ಟ. ಹಾಲು ಹಾಕಿದರೂ ಇದು ತಪ್ಪುವುದಿಲ್ಲ. ಊಟದ ಜೊತೆ ಟೀ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣಕ್ಕೂ ಇದೇ ಗತಿ.

ಮಾತ್ರೆಯನ್ನು ನೀರಿನಲ್ಲಿ ನುಂಗಿ. ಟೀಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಊಟವಾಗಿ ಒಂದು ಗಂಟೆಯಾದ ಮೇಲೆ ಟೀ ಕುಡಿಯಿರಿ. ಒಂದು ತಿಂಗಳು ಬಿಟ್ಟು ಹಿಮೋಗ್ಲೋಬಿನ್ ಮತ್ತೆ ನೋಡಿಸಿ, ಜೊತೆಗೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತಿಳಿಸುವ ಫೆರಿಟಿನ್ನೂ.

ಅಂದ ಹಾಗೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯೇ ಅಂತ ನೀವು ಬರೆದಿಲ್ಲ. ಹೋಗುತ್ತಿದ್ದರೆ ಮಾತ್ರೆ ನುಂಗಿದ್ದಷ್ಟೇ ಸಾಲದು, ಸ್ತ್ರೀರೋಗ ತಜ್ಞರನ್ನು ಕಾಣಿ.