ಮನೆಯಲ್ಲೇ ಕಾಕ್‌ಟೇಲ್ ಮಾಡಲು ಮೊದಲು ಯಾವ ಐದಾರು ಬಾಟಲಿಗಳನ್ನು ಕೊಳ್ಳಬೇಕು?

ಒಂದು ಸಾಕು. ಇಂಥ ಪಟ್ಟಿಗಳಲ್ಲೆಲ್ಲ ಇರುವ ಜಿನ್, ವೋಡ್ಕಾ, ಟಕೀಲಾ, ವರ್ಮೂತ್, ನೀಲಿ ಕುರಸಾವೊ ಎಂಬ ಕಿತ್ತಳೆ ರುಚಿಯ ಸಿಹಿ ಮದ್ಯ, ಎಲ್ಲವನ್ನೂ ನಾನೂ ಒಂದೇ ಶನಿವಾರ ಹೊತ್ತು ತಂದವನು. ಜೊತೆಗೆ ಬಿಳಿ ರಮ್, ಫಳಫಳ ಹೊಳೆಯುವ ಶೇಕರ್ ಬೇರೆ. ಮರುದಿನ ಸಂಜೆ ಹೆಂಡತಿಯ ಅಣ್ಣ ಇಬ್ಬರು ಗೆಳೆಯರೊಂದಿಗೆ ಊಟಕ್ಕೆ ಬರುವವರಿದ್ದರು. ಅವರಿಗೆ ಡೈಕಿರಿ ಎಂಬ ರಮ್ಮಿನ ಕಾಕ್‌ಟೇಲ್ ಕುಡಿಸುವುದೆಂದು ನಿಶ್ಚಯಿಸಿದ್ದೆ.

ರಮ್, ನಿಂಬೆ, ಸಕ್ಕರೆ ಪಾಕ ಎಲ್ಲವನ್ನೂ ಅಳೆದೇ ಹಾಕಿದೆ. ತಪ್ಪಿದ್ದು ಐಸಿನಲ್ಲಿ. ನೋಡಲು ಚೆಂದವಿರಲಿ ಎಂದು ಒಂದು ಗಂಟೆ ಮೊದಲೇ ಫ್ರೀಜರ್ ಖಾಲಿ ಮಾಡಿ, ಐಸನ್ನು ಗಾಜಿನ ಬಟ್ಟಲಿಗೆ ಸುರಿದು ಮೇಜಿನ ಮೇಲೆ ಇಟ್ಟಿದ್ದೆ. ಏಪ್ರಿಲ್ ತಿಂಗಳು. ಭಾವ ಒಂದು ಗುಟುಕು ಕುಡಿದು, "ಚೆನ್ನಾಗಿದೆ, ಹೊಟ್ಟೆಗೆ ತಂಪು" ಎಂದರು. ನೀರು ಹೆಚ್ಚಾಯಿತೆಂದು ಎರಡನೆಯ ಸುತ್ತಿಗೆ ಐಸ್ ಕಡಿಮೆ ಹಾಕಿದೆ. ಆಗ ಅದು ನೀರೂ ಆಯಿತು, ತಣ್ಣಗೂ ಆಗಲಿಲ್ಲ. ಮೂರನೆಯ ಸುತ್ತಿಗೆ ಅವರೇ ಎದ್ದು ರಮ್‌ಗೆ ನಲ್ಲಿಯ ನೀರು ಬೆರೆಸಿಕೊಂಡರು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದ್ದೇನೆ, ಕೇಳಿ. ಫ್ರೀಜರಿನ ಐಸ್ ಮೈನಸ್ 18 ಡಿಗ್ರಿಯ ಹತ್ತಿರ ಇರುತ್ತದೆ. ಅದು ಸೊನ್ನೆಗೆ ಬರುವವರೆಗೆ, ಒಂದು ಹನಿಯೂ ಕರಗದೆ, ಗ್ರಾಮಿಗೆ 9 ಕ್ಯಾಲರಿ ಶಾಖ ಹೀರುತ್ತದೆ. 200 ಗ್ರಾಂ ಐಸಿಗೆ 1800. ನೂರು ಮಿಲಿಲೀಟರ್ ಮಿಶ್ರಣವನ್ನು 25 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಬೇಕಾದದ್ದು ಹೆಚ್ಚುಕಡಿಮೆ 2500. ಅಂದರೆ ಸುಮಾರು ಮುಕ್ಕಾಲು ಪಾಲು ಕೆಲಸ ಐಸ್ ಕರಗುವ ಮೊದಲೇ ಮುಗಿಯುತ್ತದೆ. ಉಳಿದದ್ದಕ್ಕೆ ಕರಗುವುದು ಹತ್ತು ಗ್ರಾಮಿನೊಳಗೆ. ನನ್ನ ಬಟ್ಟಲಿನಲ್ಲಿ ಬೆವರುತ್ತಿದ್ದ ಐಸ್ ಆಗಲೇ ಸೊನ್ನೆಗೆ ಬಂದಿತ್ತು. ಅದು ಕರಗಿಯೇ ತಣಿಸಬೇಕು, ಗ್ರಾಮಿಗೆ 80 ಕ್ಯಾಲರಿಯಂತೆ. ಮೂವತ್ತು ಗ್ರಾಂ ನೀರು ಅಲ್ಲಿಗೇ ಸೇರಿತು. ಮೈಗಂಟಿದ್ದ ನೀರಿನ ಲೆಕ್ಕ ಬೇರೆ. ಕುಲುಕಿದಾಗ ಸ್ವಲ್ಪ ನೀರು ಸೇರಲೇಬೇಕು, ಇಲ್ಲದಿದ್ದರೆ ಗಂಟಲು ಸುಡುತ್ತದೆ. ಆದರೆ ಇದು ಆ ಸ್ವಲ್ಪವಲ್ಲ.

ಹಾಗಾಗಿ ಯಾವ ಬಾಟಲಿ ಎಂಬ ಪ್ರಶ್ನೆಯೇ ತಪ್ಪು ಎನ್ನುತ್ತೇನೆ, ಕೇಳಬೇಕಾದದ್ದು ಐಸಿನ ಬಗ್ಗೆ. ಡೈಕಿರಿ ಎನ್ನುವುದು ಕ್ಯೂಬಾದ ಸಾಂಟಿಯಾಗೊ ಬಳಿಯ ಒಂದು ಊರು. ಅಲ್ಲಿನ ಕಬ್ಬಿಣದ ಗಣಿಯಲ್ಲಿದ್ದ ಜೆನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಎಂಜಿನಿಯರ್ ಅದೇ ಹೆಸರಿನ ಈ ಪಾನೀಯವನ್ನು ಮೊದಲು ಬೆರೆಸಿದ ಎಂದು ಹೇಳುತ್ತಾರೆ. ಗಣಿಯ ಪಕ್ಕದಲ್ಲಿ ಕುಳಿತವನ ಬಳಿ ನೀಲಿ ಕುರಸಾವೊ ಎಲ್ಲಿಂದ ಬರಬೇಕು? ಬಿಳಿ ರಮ್ 60 ಮಿಲಿಲೀಟರ್, ಆಗಷ್ಟೇ ಹಿಂಡಿದ ನಿಂಬೆರಸ 25, ಸಮ ಪ್ರಮಾಣದ ಸಕ್ಕರೆ ಮತ್ತು ನೀರಿನ ಪಾಕ 20. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಫ್ರೀಜರಿನಿಂದ ನೇರವಾಗಿ ಐಸ್ ತೆಗೆದು ಡಬ್ಬಿಯ ಕಂಠದವರೆಗೆ ತುಂಬಿ, ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ. ಐಸ್ ಟ್ರೇಯ ಪಕ್ಕದಲ್ಲಿ ಮೀನು ಇಡಬೇಡಿ.

ಈ ಅಳತೆ ಕೈಗೆ ಕೂತ ಮೇಲೆ ರಮ್ ಜಾಗಕ್ಕೆ ಜಿನ್ ಅಥವಾ ವಿಸ್ಕಿ ಹಾಕಿದರೂ ನಡೆಯುತ್ತದೆ. ಕಪ್ಪು ರಮ್ ಆದರೆ ಸಕ್ಕರೆಯ ಬದಲು ಬೆಲ್ಲದ ಪಾಕ, ಒಂದು ಚೂರು ಶುಂಠಿ. ರಾಮನವಮಿಯ ಪಾನಕಕ್ಕೆ ರಮ್ ಸುರಿದಿದ್ದೀಯಾ ಎಂದು ಅಮ್ಮ ಕೇಳಿದರೆ ಉತ್ತರ ನೀವೇ ಹುಡುಕಿಕೊಳ್ಳಿ, ನನಗೆ ಇನ್ನೂ ಸಿಕ್ಕಿಲ್ಲ.

ಇಷ್ಟು ಹೇಳಿದರೂ ವರ್ಮೂತ್ ಕೊಂಡೇ ಕೊಳ್ಳುತ್ತೀರಾದರೆ, ಅದು ವೈನ್‌ನಿಂದ ಮಾಡಿದ್ದು. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ. ನಾನು ಎಂಟು ತಿಂಗಳು ಪುಸ್ತಕದ ಕಪಾಟಿನಲ್ಲಿಟ್ಟಿದ್ದೆ.