ಓದುಗರ ಪ್ರಶ್ನೆ: ವಿಶ್ವಾಸಿಯಾದವನು ಯಾವ ಹಾಡು ಕೇಳಬೇಕು?

ಪ್ರಶ್ನೆ: ನಾನು ಸಭೆಯ ಗಾಯನವೃಂದದಲ್ಲಿ ಹಾಡುವ ಯುವತಿ. ಇತ್ತೀಚೆಗೆ ಯುವಜನರ ಕೂಟವೊಂದರಲ್ಲಿ ಪ್ರಸಂಗ ಮಾಡಿದವರು, ದೇವರ ಹೆಸರಿಲ್ಲದ ಹಾಡನ್ನು ವಿಶ್ವಾಸಿಯಾದವರು ಕೇಳಲೇಬಾರದು, ಕೆಲವು ವಾದ್ಯಗಳ ಬಡಿತವೇ ಸೈತಾನನದು ಎಂದರು. ಅಂದೇ ರಾತ್ರಿ ಮೊಬೈಲಿನಲ್ಲಿದ್ದ ಹಾಡುಗಳನ್ನೆಲ್ಲ ಅಳಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಕೆಲವನ್ನು ಮತ್ತೆ ಹಾಕಿಕೊಂಡೆ. ಈಗ ಕೇಳುವಾಗಲೆಲ್ಲ ಮನಸ್ಸಿನಲ್ಲಿ ಅಳುಕು. ಯಾವುದನ್ನು ಕೇಳಬಹುದು, ಯಾವುದನ್ನು ಬಿಡಬೇಕು?

ಉತ್ತರ: ನಿಮ್ಮ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇವರಿಗೆ ಮೆಚ್ಚಿಕೆಯಾಗಬೇಕೆಂಬ ಆಸೆ ಇಲ್ಲದವರಿಗೆ ಇಂಥ ಅಳುಕು ಹುಟ್ಟುವುದೇ ಇಲ್ಲ. ಆದರೆ ನಿಮಗೆ ಹೇಳಿಕೊಟ್ಟ ನಿಯಮವನ್ನು ಸತ್ಯವೇದದ ಪಕ್ಕದಲ್ಲಿಟ್ಟು ನೋಡಿದರೆ ಅದು ನಿಲ್ಲುವುದಿಲ್ಲ. ಸೌಲನೂ ಯೋನಾತಾನನೂ ಯುದ್ಧದಲ್ಲಿ ಮಡಿದಾಗ ದಾವೀದನು ಹಾಡಿದ ಶೋಕಗೀತೆ ಎರಡನೆಯ ಸಮುವೇಲನ ಮೊದಲನೆಯ ಅಧ್ಯಾಯದಲ್ಲಿದೆ. ಆ ಗೀತೆಯಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಆದರೂ ಅದನ್ನು ಯೆಹೂದದ ಜನರಿಗೆ ಕಲಿಸಬೇಕೆಂದು ದಾವೀದನು ಅಪ್ಪಣೆ ಕೊಟ್ಟನು. ಇನ್ನೊಂದು ಕಡೆ, ಆಮೋಸನ ಐದನೆಯ ಅಧ್ಯಾಯದಲ್ಲಿ ದೇವರು ತನಗಾಗಿಯೇ ಹಾಡುತ್ತಿದ್ದ ಜನರಿಗೆ, ನಿಮ್ಮ ಹಾಡಿನ ಗದ್ದಲವನ್ನು ನನ್ನ ಮುಂದಿನಿಂದ ತೊಲಗಿಸಿರಿ ಎನ್ನುತ್ತಾನೆ. ಅವರ ನಡುವೆ ನ್ಯಾಯ ಸತ್ತುಹೋಗಿತ್ತು. ಹಾಗಾಗಿ ಒಂದು ಹಾಡಿಗೆ ‘ಕ್ರೈಸ್ತ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ನಮ್ಮ ವಿವೇಚನೆಯ ಕೆಲಸ ಮುಗಿಯುವುದಿಲ್ಲ.

ವಾದ್ಯಗಳ ಮಾತು ಇನ್ನೂ ಬೇಗ ಮುಗಿಯುತ್ತದೆ. ದಾನಿಯೇಲನ ಮೂರನೆಯ ಅಧ್ಯಾಯದಲ್ಲಿ ಬಂಗಾರದ ಪ್ರತಿಮೆಗೆ ಅಡ್ಡಬೀಳಲು ಸೂಚನೆಯಾಗಿ ತುತೂರಿ, ಕೊಳಲು, ತಂತಿವಾದ್ಯಗಳು ಮೊಳಗುತ್ತವೆ. ನೂರೈವತ್ತನೆಯ ಕೀರ್ತನೆಯಲ್ಲಿ ದೇವರನ್ನು ಸ್ತುತಿಸಲು ಮೊಳಗುವುದೂ ತುತೂರಿ, ಕೊಳಲು, ತಂತಿವಾದ್ಯಗಳೇ. ಇಂದು ಪೈಪ್ ಆರ್ಗನ್ನಿನ ನಾದ ಕೇಳಿದರೆ ಎಷ್ಟೋ ಜನರಿಗೆ ದೇವಾಲಯವೇ ನೆನಪಾಗುತ್ತದೆ. ಆದರೆ 1527ರಲ್ಲಿ, ಮತಸುಧಾರಣೆಯ ದಿನಗಳ ಜೂರಿಕ್ ನಗರದಲ್ಲಿ, ದೊಡ್ಡ ದೇವಾಲಯದ ಆರ್ಗನ್ನನ್ನು ಆರಾಧನೆಗೆ ತಕ್ಕದ್ದಲ್ಲವೆಂದು ಒಡೆದುಹಾಕಿದರು. ಒಂದು ತಲೆಮಾರು ಅಂಜಿ ದೂರವಿಟ್ಟ ವಾದ್ಯ ಇನ್ನೊಂದು ತಲೆಮಾರಿಗೆ ಭಕ್ತಿಯ ದನಿಯಾಗಿದೆ.

ಹಾಗಾದರೆ ಅಳತೆಗೋಲು ಯಾವುದು? ಧರ್ಮೋಪದೇಶಕಾಂಡದ ಮೂವತ್ತೊಂದನೆಯ ಅಧ್ಯಾಯವನ್ನು ಓದಿರೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮೋಶೆಯ ಕೊನೆಯ ದಿನಗಳಲ್ಲಿ ದೇವರು ಅವನಿಗೆ, ಒಂದು ಹಾಡನ್ನು ಬರೆದು ಇಸ್ರಾಯೇಲ್ಯರಿಗೆ ಬಾಯಿಪಾಠ ಮಾಡಿಸು, ಜನರು ದಾರಿ ತಪ್ಪಿದ ಕಾಲದಲ್ಲಿ ಅದೇ ಅವರಿಗೆ ಸಾಕ್ಷಿಯಾಗಲಿ ಎನ್ನುತ್ತಾನೆ. ಯಾಕೆಂದರೆ ಅದು ಅವರ ಸಂತತಿಯವರ ಬಾಯಿಂದ ಮರೆತುಹೋಗುವುದಿಲ್ಲ. ಹಾಡಿನ ಶಕ್ತಿ ಇರುವುದೇ ಇಲ್ಲಿ. ಕೇಳಿದ ಪ್ರಸಂಗ ಮರೆತುಹೋಗುತ್ತದೆ, ಓದಿದ ಪುಸ್ತಕ ಮಸುಕಾಗುತ್ತದೆ; ಹಾಡು ಮಾತ್ರ ನಾವು ಕರೆಯದಿದ್ದರೂ ನಾಲಿಗೆಯ ಮೇಲೆ ಬಂದು ಕೂರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಬಟ್ಟೆ ಮಡಚುತ್ತಾ ಒಂದೇ ಸಾಲನ್ನು ಮತ್ತೆ ಮತ್ತೆ ಗುನುಗುತ್ತಿದ್ದೆ. ಐದನೆಯದೋ ಆರನೆಯದೋ ಸಲ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟೆ. ನನ್ನ ಬಾಯಲ್ಲಿದ್ದದ್ದು ಒಬ್ಬ ಹೆಣ್ಣುಮಗಳನ್ನು ತುಚ್ಛವಾಗಿ ಕಾಣುವ ಮಾತು, ಮಾತಾಗಿ ಯಾರ ಮುಂದೆಯೂ ನಾನು ಎಂದಿಗೂ ಆಡದಂಥದ್ದು. ರಾಗ ಇಂಪಾಗಿದ್ದುದರಿಂದ ಅದು ಯಾರ ತಡೆಯೂ ಇಲ್ಲದೆ ಒಳಗೆ ಬಂದಿತ್ತು.

ಅಂದಿನಿಂದ ನಾನು ಅನುಸರಿಸುವ ಕ್ರಮವನ್ನೇ ನಿಮಗೂ ಹೇಳುತ್ತೇನೆ. ನಿಮಗೆ ತೀರಾ ಇಷ್ಟವಾದ ಹಾಡಿನ ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಬರೆದು, ರಾಗ ತೆಗೆದು, ಗಟ್ಟಿಯಾಗಿ ಓದಿರಿ. ಈ ಮಾತನ್ನು ನನ್ನ ಮಾತಾಗಿ ಒಪ್ಪಿಕೊಳ್ಳಬಲ್ಲೆನೇ ಎಂದು ಕೇಳಿಕೊಳ್ಳಿರಿ. ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಮನಸ್ಸಿಗೆ ತಂದುಕೊಳ್ಳಬೇಕಾದವುಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಸತ್ಯವಾದದ್ದನ್ನು ಎಂಬುದನ್ನು ಗಮನಿಸಿರಿ. ಆದ್ದರಿಂದ ದುಃಖದ ಹಾಡೆಂದು ಯಾವುದನ್ನೂ ದೂರ ತಳ್ಳಬೇಕಾಗಿಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆ. ಗಂಡುಹೆಣ್ಣಿನ ಒಲವನ್ನು ಗೌರವದಿಂದ ಹಾಡುವ ಹಾಡಿಗೂ ಅಂಜಬೇಕಾಗಿಲ್ಲ. ಪರಮಗೀತವು ನಮ್ಮ ಸತ್ಯವೇದದೊಳಗೇ ಇದೆ. ಮನುಷ್ಯನ ಪಾಪವನ್ನು, ಸೋಲನ್ನು ಇದ್ದಂತೆ ಹೇಳುವ ಹಾಡು ಬೇರೆ, ಆ ಪಾಪವನ್ನೇ ಹಬ್ಬ ಮಾಡಿ ನಮ್ಮನ್ನೂ ಕರೆಯುವ ಹಾಡು ಬೇರೆ. ಎರಡನೆಯದನ್ನು ಬಿಟ್ಟುಬಿಡಿ. ರಾಗ ಎಷ್ಟೇ ಚೆನ್ನಾಗಿರಲಿ, ಅಲ್ಲಿ ರಾಜಿ ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮಾತಿಲ್ಲದ ಸಂಗೀತಕ್ಕೆ ಈ ಪರೀಕ್ಷೆ ಸಲ್ಲುವುದಿಲ್ಲ. ಅಲ್ಲಿ ಕೇಳಿ ಮುಗಿಸಿದ ನಂತರ ನೀವು ಏನಾಗಿದ್ದೀರಿ ಎಂಬುದನ್ನು ನೋಡಬೇಕು. ದಾವೀದನು ಕಿನ್ನರಿ ಬಾರಿಸಿದಾಗ ಸೌಲನಿಗೆ ಉಪಶಮನವಾಗುತ್ತಿತ್ತು. ಮುಂದೊಂದು ದಿನ ಅದೇ ದಾವೀದ ಬಾರಿಸುತ್ತಿದ್ದಾಗಲೇ ಸೌಲನು ಅವನತ್ತ ಈಟಿ ಎಸೆದನು. ನಡುವೆ ಬದಲಾಗಿದ್ದದ್ದು ಕೇಳುವವನ ಎದೆ, ಅದರಲ್ಲಿ ಹೊಟ್ಟೆಕಿಚ್ಚು ಸೇರಿತ್ತು. ನೀವು ಗಾಯನವೃಂದದವರಾದ್ದರಿಂದ ಸಂತ ಅಗಸ್ಟೀನನ ಮಾತನ್ನೂ ಸೇರಿಸುತ್ತೇನೆ. ಆರಾಧನೆಯಲ್ಲಿ ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತನ್ನನ್ನು ಹೆಚ್ಚು ಕದಲಿಸಿದಾಗ ತಾನು ಪಾಪ ಮಾಡಿದಂತೆ ಎಂದು ಅವನು ತನ್ನ ‘ಅರಿಕೆಗಳು’ ಗ್ರಂಥದ ಹತ್ತನೆಯ ಭಾಗದಲ್ಲಿ ಒಪ್ಪಿಕೊಂಡಿದ್ದಾನೆ. ಅಷ್ಟಾದರೂ ಸಭೆಯಲ್ಲಿ ಹಾಡುವ ವಾಡಿಕೆಯನ್ನು ಅವನು ಬೇಡವೆನ್ನಲಿಲ್ಲ. ಭಕ್ತಿಗೀತೆಯನ್ನು ಕೇಳುವಾಗಲೂ ಎಚ್ಚರ ಬೇಕೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಇನ್ನು ನಿಮ್ಮ ಅಳುಕಿನ ವಿಚಾರ. ನಂಬಿಕೆಯಿಲ್ಲದೆ ಮಾಡುವುದೆಲ್ಲವೂ ಪಾಪವೆಂದು ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯ ಹೇಳುತ್ತದೆ. ಆದುದರಿಂದ ಯಾವ ಹಾಡಿನ ಬಗ್ಗೆ ಮನಸ್ಸು ಇನ್ನೂ ಇತ್ಯರ್ಥವಾಗಿಲ್ಲವೋ ಅದನ್ನು ಸದ್ಯಕ್ಕೆ ಬದಿಗಿಡಿ, ಪ್ರಾರ್ಥಿಸಿ, ಹಾಳೆಯ ಮೇಲೆ ಬರೆದು ನೋಡಿ. ಹಾಗೆ ಪರೀಕ್ಷಿಸಿ ಒಳ್ಳೆಯದೆಂದು ಕಂಡುಕೊಂಡದ್ದನ್ನು ಕೃತಜ್ಞತೆಯಿಂದ ಕೇಳಿರಿ. ಅದನ್ನು ಒಪ್ಪದ ಸಹೋದರಿಯ ಎದುರು ಜೋರಾಗಿ ಹಾಕಿ ವಾದಕ್ಕಿಳಿಯಬೇಡಿ.

ಪ್ರಶ್ನೆ: ಹದಿನೈದು ವರ್ಷದ ಮಗ ಸದಾ ಇಯರ್‌ಫೋನ್ ಹಾಕಿಕೊಂಡಿರುತ್ತಾನೆ. ಏನು ಕೇಳುತ್ತಾನೋ ಗೊತ್ತಿಲ್ಲ. ಕಿತ್ತುಕೊಳ್ಳಬೇಕೇ?

ಉತ್ತರ: ಅವನು ಏನು ಕೇಳುತ್ತಾನೆಂದು ನಿಮಗೆ ಗೊತ್ತಿಲ್ಲದಿರುವಾಗ ಕಿತ್ತುಕೊಂಡರೆ, ಅವನು ಕಲಿಯುವುದು ಬಚ್ಚಿಟ್ಟು ಕೇಳುವುದನ್ನು ಮಾತ್ರ. ಒಂದು ದಿನ ಪಕ್ಕದಲ್ಲಿ ಕುಳಿತು, ‘ನಿನಗೆ ಇಷ್ಟವಾದ ಹಾಡು ಯಾವುದು, ನನಗೂ ಕೇಳಿಸು’ ಎನ್ನಿರಿ. ಕೊನೆಯವರೆಗೆ ಸುಮ್ಮನೆ ಕೇಳಿರಿ. ಆಮೇಲೆ ಅದರಲ್ಲಿ ಅವನಿಗೆ ಹಿಡಿಸಿದ್ದು ಏನೆಂದು ವಿಚಾರಿಸಿರಿ. ಹೊಲಸು ಮಾತೋ ಹಿಂಸೆಯ ಹೊಗಳಿಕೆಯೋ ಇದ್ದರೆ ಬೇಡವೆನ್ನುವ ಅಧಿಕಾರ ತಂದೆಯಾದ ನಿಮಗೆ ಇದ್ದೇ ಇದೆ. ಆದರೆ ಯಾವ ಸಾಲು, ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳಿರಿ. ಅವನ ಹಾಡು ಮುಗಿದ ಮೇಲೆ, ಅವನ ವಯಸ್ಸಿನಲ್ಲಿ ನಿಮ್ಮನ್ನು ಕಾಪಾಡಿದ ಒಂದು ಹಾಡನ್ನು ನೀವೂ ಅವನಿಗೆ ಹಾಡಿ ತೋರಿಸಿರಿ.